ಸೋತ ಆಟ ಕೈಯಲ್ಲಿಟ್ಟುಕೊಂಡು ಪುಸ್ತಕ ತೆರೆಯಿರಿ: ಚೆಸ್ ಕಲಿಯಲು ಒದ್ದಾಡುತ್ತಿರುವವರಿಗೆ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಹೊತ್ತು ಮುಳುಗುವವರೆಗೆ ಯಾರೂ ಹೊರಗೆ ಕೂರುವುದಿಲ್ಲ. ನಮ್ಮ ಓಣಿಯ ಬೇವಿನ ಮರದ ಕಟ್ಟೆ ತಣ್ಣಗಾಗುವುದು ರಾತ್ರಿ ಏಳೂವರೆಯ ಮೇಲೆ. ನಮ್ಮ ಚೆಸ್ ನಡೆಯುವುದು ಅಲ್ಲೇ. ಎರಡು ವರ್ಷದ ಹಿಂದೆ ಅಂಥ ಒಂದು ರಾತ್ರಿ ಎಂಟನೇ ಕ್ಲಾಸಿನ ಹುಡುಗನ ಜೊತೆ ಆಡುತ್ತಿದ್ದೆ. ನನ್ನ ಮಂತ್ರಿ, ಒಂಟೆ ಎರಡೂ ಅವನ ರಾಜನ ಸುತ್ತ ಓಡಾಡುತ್ತಿದ್ದವು. ಇನ್ನೇನು ಗೆದ್ದೆ ಅಂದುಕೊಂಡಿದ್ದೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ಕಾಕಾ ಮೆಲ್ಲಗೆ ಹೇಳಿದರು, "ತಮ್ಮಾ, ಆ ಕುದುರಿ ಆಟ ಶುರು ಆದಾಗಿಂದ ಅಲ್ಲೇ ನಿಂತದ ನೋಡು. ಅದಕ್ಕೂ ಏನರ ಕೆಲಸ ಕೊಡು."

ನೋಡಿದೆ. ಬಿ1 ಮನೆಯಲ್ಲಿ ಕುದುರೆ, ಎ1ರಲ್ಲಿ ಆನೆ. ಎರಡೂ ಒಂದು ಮನೆಯೂ ಅಲುಗಿರಲಿಲ್ಲ. ಹತ್ತು ನಡೆಯೊಳಗೆ ನಾನು ಸೋತೆ.

ಸೋಲಿಗಿಂತ ಜಾಸ್ತಿ ನೋವಾಗಿದ್ದು ಬೇರೆ ಕಾರಣಕ್ಕೆ. ಎಲ್ಲ ಕಾಯಿಗಳನ್ನೂ ಕೆಲಸಕ್ಕೆ ಹಚ್ಚಬೇಕು ಅನ್ನುವ ಅಧ್ಯಾಯವನ್ನು ಅದೇ ವಾರ ಓದಿದ್ದೆ. ಕೆಂಪು ಪೆನ್ನಿನಿಂದ ಗೆರೆ ಬೇರೆ ಎಳೆದಿದ್ದೆ. ಓದಿದ್ದು ಕಣ್ಣೆದುರೇ ನಡೆಯುತ್ತಿದ್ದರೂ ನನಗೆ ಕಾಣಲಿಲ್ಲ. ಪುಸ್ತಕ ಮುಟ್ಟದ ಕಾಕಾಗೆ ಕಂಡಿತು.

ಆಮೇಲೆ ತುಂಬ ಯೋಚಿಸಿದೆ. ಪುಸ್ತಕದ ತುಂಬ ಉತ್ತರಗಳಿರುತ್ತವೆ. ಪ್ರಶ್ನೆ ನಮ್ಮಲ್ಲಿ ಹುಟ್ಟಿರದಿದ್ದರೆ ಆ ಉತ್ತರ ತಲೆಯಲ್ಲಿ ನಿಲ್ಲುವುದಿಲ್ಲ. ಆ ಸೋಲಿನ ನಂತರ ಅದೇ ಅಧ್ಯಾಯ ಮತ್ತೆ ಓದಿದಾಗ ಒಂದೊಂದು ಸಾಲೂ ನನ್ನ ಬಿ1 ಕುದುರೆಯ ಬಗ್ಗೆಯೇ ಬರೆದಂತಿತ್ತು. ಅಂದಿನಿಂದ ನಾನು ಓದುವ ಕ್ರಮವನ್ನೇ ತಿರುವಿ ಹಾಕಿದೆ. ಮೊದಲು ಸೋತ ಆಟ, ಆಮೇಲೆ ಪುಸ್ತಕ. ಇಲ್ಲಿ ಬರೆಯುವುದೆಲ್ಲ ಆ ಕ್ರಮದ ವಿವರ. ಓದಿಯೂ ಆಟ ಸುಧಾರಿಸುತ್ತಿಲ್ಲ ಅಂತ ಬೇಜಾರಾದವರಿಗೆ ಇದು ಖಂಡಿತ ಕೆಲಸಕ್ಕೆ ಬರುತ್ತದೆ.

ಕಾಯಿಗಳ ಹೆಸರು ಊರಿಂದ ಊರಿಗೆ ಬದಲಾಗುತ್ತವೆ. ನಾನಿಲ್ಲಿ ನಮ್ಮ ಕಟ್ಟೆಯ ಮಾತಿನಲ್ಲೇ ಹೇಳುತ್ತೇನೆ. ಮೂಲೆಯಲ್ಲಿ ನಿಲ್ಲುವುದು ಆನೆ, ಓರೆಯಾಗಿ ಓಡುವುದು ಒಂಟೆ, ಮಂತ್ರಿಗೆ ವಜೀರ ಅಂತಲೂ ಅನ್ನುತ್ತೇವೆ, ಮುಂದಿನ ಸಾಲಿನವು ಪ್ಯಾದೆ.

ಮೊದಲು ಒಂದು ಎಣಿಕೆ

ತಂತ್ರದ ಪುಸ್ತಕ, ಅಂದರೆ ಇಡೀ ಆಟದ ಯೋಜನೆ ಹೇಳಿಕೊಡುವ ಸ್ಟ್ರಾಟಜಿ ಪುಸ್ತಕ, ಕೈಗೆತ್ತಿಕೊಳ್ಳುವ ಮುಂಚೆ ನೀವು ಸೋತ ಕೊನೆಯ ಹತ್ತು ಆಟ ತೆಗೆಯಿರಿ. ಮೊಬೈಲಿನಲ್ಲಿ ಆಡುವವರಿಗೆ ಇದು ಸುಲಭ, ಆಟಗಳು ಅಲ್ಲೇ ಉಳಿದಿರುತ್ತವೆ. ಒಂದೊಂದನ್ನೂ ನೋಡಿ, ಸೋಲು ಶುರುವಾದ ನಡೆ ಯಾವುದು ಅಂತ ಗುರುತು ಮಾಡಿ. ಕುದುರೆಯನ್ನು ಸುಮ್ನೆ ಬಿಟ್ಟುಕೊಟ್ಟಿರಾ? ಮಂತ್ರಿ ಎದುರಾಳಿಯ ಒಂಟೆಯ ದಾರಿಯಲ್ಲಿ ಹೋಗಿ ನಿಂತಿತಾ? ಒಂದೇ ನಡೆಯಲ್ಲಿ ಮೇಟ್ ಆಗುವುದು ಕಾಣಲಿಲ್ಲವಾ?

ಹತ್ತರಲ್ಲಿ ಆರೇಳು ಹೀಗೇ ಸೋತಿದ್ದರೆ ತಂತ್ರದ ಪುಸ್ತಕ ಸದ್ಯಕ್ಕೆ ಕಪಾಟಿನಲ್ಲೇ ಇರಲಿ. ಇದು ಕಠಿಣ ಮಾತು ಅನ್ನಿಸಬಹುದು. ಆದರೆ ಎದುರಾಳಿಯ ಪ್ಯಾದೆಗಳನ್ನು ದುರ್ಬಲ ಮಾಡುವುದು ಹೇಗೆ ಅಂತ ಮೂರು ವಾರ ಓದಿ, ಹದಿನೈದನೇ ನಡೆಗೆ ಆನೆ ಕಳೆದುಕೊಂಡರೆ ಓದಿದ್ದಕ್ಕೆ ಕೆಲಸವೇ ಸಿಗುವುದಿಲ್ಲ. ಪ್ಯಾದೆಗೆ 1, ಕುದುರೆ ಮತ್ತು ಒಂಟೆಗೆ 3, ಆನೆಗೆ 5, ಮಂತ್ರಿಗೆ 9 ಅಂತ ಬೆಲೆ ಇಟ್ಟುಕೊಂಡರೆ, ತಂತ್ರದಿಂದ ಸಿಗುವ ಲಾಭ ಬಹಳ ಸಲ ಅರ್ಧ ಪ್ಯಾದೆಯಷ್ಟು. ಬಿಟ್ಟುಕೊಟ್ಟ ಆನೆಯ ಬೆಲೆ ಐದು ಪ್ಯಾದೆ.

ಇದಕ್ಕೆ ಮದ್ದು ಇದೆ, ಸರಳವಾಗಿಯೂ ಇದೆ. ದಿನಕ್ಕೆ ಹದಿನೈದು ನಿಮಿಷ ಪಜಲ್ ಬಿಡಿಸಿ, ಅಂದರೆ ಬೋರ್ಡಿನ ಒಂದು ಸ್ಥಿತಿ ನೋಡಿ ಸರಿಯಾದ ನಡೆ ಹುಡುಕುವ ಒಗಟು. ಲಿಚೆಸ್ ಅನ್ನುವ ಜಾಲತಾಣದಲ್ಲಿ ದುಡ್ಡಿಲ್ಲದೆ, ಜಾಹೀರಾತಿಲ್ಲದೆ ಎಷ್ಟು ಬೇಕಾದರೂ ಸಿಗುತ್ತವೆ. ಒಂದು ಕಾಯಿ ಎರಡನ್ನು ಒಟ್ಟಿಗೆ ಹೊಡೆಯುವ ಫೋರ್ಕ್, ಕಾಯಿಯನ್ನು ಅಲುಗದಂತೆ ಕಟ್ಟಿಹಾಕುವ ಪಿನ್, ಇವೆರಡು ಮೊದಲು. ಆಡುವಾಗ ಕಾಯಿ ಮುಟ್ಟುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ: ಅವನು ಈಗ ಆಡಿದ ನಡೆ ಏನನ್ನು ಹೊಡೆಯುತ್ತಿದೆ? ನಾನು ಕಾಯಿ ಇಡುವ ಮನೆಗೆ ಅವನ ಯಾವ ಕಾಯಿ ಬರುತ್ತದೆ? ನಾನು ಕಾಯಿ ಎತ್ತಿದ ಮೇಲೆ ಏನು ಬಯಲಾಗುತ್ತದೆ? ಮೂರನೆಯದನ್ನೇ ಎಲ್ಲರೂ ಮರೆಯುವುದು. ಎರಡು ತಿಂಗಳು ಹೀಗೆ ಮಾಡಿ, ಮತ್ತೆ ಹತ್ತು ಆಟ ಎಣಿಸಿ.

ಬೋರ್ಡು, ನೋಟ್‌ಬುಕ್, ಬರವಣಿಗೆ

ಚೆಸ್ ಪುಸ್ತಕವನ್ನು ಹಾಸಿಗೆಯಲ್ಲಿ ಮಲಗಿ ಓದಲು ಆಗುವುದಿಲ್ಲ. ನಾನು ಆರು ತಿಂಗಳು ಹಾಗೆ ಓದಿ ಕಳೆದೆ. ನಿಜವಾದ ಬೋರ್ಡು ಬೇಕು, ಕೈಯಿಂದ ಕಾಯಿ ನಡೆಸಬೇಕು. ಸುರುಳಿ ಸುತ್ತುವ ಹಾಳೆಯಂಥ ಬೋರ್ಡು, ಪ್ಲಾಸ್ಟಿಕ್ ಕಾಯಿ ಸಾಕು. ಆಟದ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ಅಂಚಿನಲ್ಲಿ ಅಕ್ಷರ, ಅಂಕಿ ಅಚ್ಚಾಗಿದೆಯಾ ನೋಡಿ. ಹಾಸುವಾಗ ನಿಮ್ಮ ಬಲಗೈ ಮೂಲೆಗೆ ಬಿಳಿ ಮನೆ ಬರಬೇಕು.

ನಡೆ ಬರೆಯುವ ಪದ್ಧತಿ ಒಂದು ಸಂಜೆಯಲ್ಲಿ ಬಂದುಬಿಡುತ್ತದೆ. ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್. ಕೆಳಗಿಂದ ಮೇಲಕ್ಕೆ 1ರಿಂದ 8. ಬಿಳಿ ರಾಜ ನಿಂತಿರುವ ಮನೆ ಇ1. ಇಂಗ್ಲಿಷ್ ಪುಸ್ತಕದಲ್ಲಿ ರಾಜನಿಗೆ ಕೆ, ಮಂತ್ರಿಗೆ ಕ್ಯೂ, ಆನೆಗೆ ಆರ್, ಒಂಟೆಗೆ ಬಿ, ಕುದುರೆಗೆ ಎನ್ ಅಕ್ಷರ. ಕುದುರೆಯ ಇಂಗ್ಲಿಷ್ ಹೆಸರೂ ಕೆ ಅಕ್ಷರದಿಂದಲೇ ಶುರು. ಆದರೆ ಅದು ರಾಜನಿಗೆ ಹೋಗಿದೆ, ಹಾಗಾಗಿ ಎನ್. ಪ್ಯಾದೆಗೆ ಅಕ್ಷರವೇ ಇಲ್ಲ, ಮನೆಯ ಹೆಸರಷ್ಟೇ.

ಹಳೆಯ ಪುಸ್ತಕ ಸಿಕ್ಕಿದವರಿಗೆ ಒಂದು ಎಚ್ಚರಿಕೆ. ಅವುಗಳಲ್ಲಿ "ಪಿ-ಕೆ4" ಅನ್ನುವಂಥ ಬರಹ ಇರುತ್ತದೆ. ರಾಜನ ಮುಂದಿನ ಪ್ಯಾದೆ ನಾಲ್ಕನೇ ಮನೆಗೆ ಅಂತ ಅರ್ಥ. ಅಲ್ಲಿ ಬಿಳಿ, ಕಪ್ಪು ಇಬ್ಬರೂ ತಮ್ಮ ತಮ್ಮ ಕಡೆಯಿಂದ ಎಣಿಸುತ್ತಾರೆ. ಬಿಳಿಯ ಪಿ-ಕೆ4 ಅಂದರೆ ಇ4, ಕಪ್ಪಿನ ಪಿ-ಕೆ4 ಅಂದರೆ ಇ5. ಇದು ಗೊತ್ತಿಲ್ಲದೆ ನಾನು ಒಂದು ಇಡೀ ಭಾನುವಾರ ತಪ್ಪು ಮನೆಗಳಿಗೆ ಕಾಯಿ ಇಡುತ್ತ ಕೂತಿದ್ದೆ. ಕೈಯಲ್ಲಿರುವ ಪುಸ್ತಕದಲ್ಲಿ ಯಾವ ಪದ್ಧತಿ ಇದೆ ಅಂತ ಮೊದಲ ಪುಟದಲ್ಲೇ ನೋಡಿಕೊಳ್ಳಿ.

ಇನ್ನು ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲೇ ಕೈಬಿಡುತ್ತಾರೆ, ನನಗೆ ಇದು ಬಹಳ ಸಂಕಟದ ವಿಷಯ. ಚೆಸ್ ಪುಸ್ತಕದ ಇಂಗ್ಲಿಷ್ ಕಾದಂಬರಿಯ ಇಂಗ್ಲಿಷಲ್ಲ. ಅದೇ ಮೂವತ್ತು ನಲವತ್ತು ಮಾತು ಮತ್ತೆ ಮತ್ತೆ ಬರುತ್ತವೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಿಮ್ಮದೇ ಪಟ್ಟಿ ಮಾಡಿಕೊಳ್ಳಿ. ಫೈಲ್ ಅಂದರೆ ಉದ್ದ ಸಾಲು, ರ‍್ಯಾಂಕ್ ಅಂದರೆ ಅಡ್ಡ ಸಾಲು. ಡೆವಲಪ್‌ಮೆಂಟ್ ಅಂದರೆ ಕಾಯಿಗಳನ್ನು ಮನೆಯಿಂದ ಹೊರಗೆ ತಂದು ಕೆಲಸಕ್ಕೆ ಹಚ್ಚುವುದು. ಟೆಂಪೊ ಅಂದರೆ ಒಂದು ನಡೆಯಷ್ಟು ಸಮಯ. ಎಕ್ಸ್‌ಚೇಂಜ್ ಅನ್ನುವ ಮಾತಿಗೆ ಎರಡು ಅರ್ಥ ಇವೆ, ಹುಷಾರು. ಒಂದು, ಕಾಯಿಗೆ ಕಾಯಿ ಕೊಟ್ಟು ತೆಗೆದುಕೊಳ್ಳುವುದು. ಇನ್ನೊಂದು, ಆನೆಗೂ ಕುದುರೆ ಅಥವಾ ಒಂಟೆಗೂ ಇರುವ ಬೆಲೆಯ ಅಂತರ. "ಎಕ್ಸ್‌ಚೇಂಜ್ ಗೆದ್ದ" ಅಂದರೆ ತನ್ನ ಕುದುರೆಯನ್ನೋ ಒಂಟೆಯನ್ನೋ ಕೊಟ್ಟು ಎದುರಾಳಿಯ ಆನೆ ತೆಗೆದುಕೊಂಡ ಅಂತ. ನಡೆಯ ಪಕ್ಕದ ಆಶ್ಚರ್ಯ ಚಿಹ್ನೆ ಒಳ್ಳೆಯ ನಡೆಗೆ, ಪ್ರಶ್ನೆ ಚಿಹ್ನೆ ತಪ್ಪು ನಡೆಗೆ.

ಯಾವ ಪುಸ್ತಕ?

ಒಂದೇ ಪುಸ್ತಕ. ಮುಗಿಯುವವರೆಗೆ ಎರಡನೆಯದು ಬೇಡ.

ದುಡ್ಡು ಖರ್ಚು ಮಾಡದೆ ಶುರು ಮಾಡುವುದಾದರೆ ಕ್ಯೂಬಾ ದೇಶದ ಕಾಪಾಬ್ಲಾಂಕಾ ಬರೆದ ‘ಚೆಸ್ ಫಂಡಮೆಂಟಲ್ಸ್’ ಇದೆ. ಅವರು ವಿಶ್ವ ಚಾಂಪಿಯನ್ ಆದ 1921ರಲ್ಲೇ ಅದು ಬಂದಿದ್ದು. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲು ಬಂದಾಗ ಹಳೆಯ ಬರವಣಿಗೆ ಪದ್ಧತಿಯಲ್ಲಿತ್ತು, ಅದೊಂದು ನೆನಪಿರಲಿ. ಅದು ಶುರುವಾಗುವುದು ಆಟದ ಕೊನೆಯಿಂದ, ಅಂದರೆ ಬೋರ್ಡಿನ ಮೇಲೆ ಮೂರ್ನಾಲ್ಕು ಕಾಯಿ ಉಳಿದಾಗ ಏನು ಮಾಡಬೇಕು ಅನ್ನುವುದರಿಂದ. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಕಾಯಿ ಕಡಿಮೆ ಇದ್ದಾಗ ಒಂದೊಂದರ ಬಲ ಕಣ್ಣಿಗೆ ಕಾಣುತ್ತದೆ.

ಕೊಳ್ಳುವುದಾದರೆ ನನ್ನ ಆಯ್ಕೆ ಅರ್ವಿಂಗ್ ಚೆರ್ನೆವ್ ಅವರ ‘ಲಾಜಿಕಲ್ ಚೆಸ್: ಮೂವ್ ಬೈ ಮೂವ್’. 1957ರ ಪುಸ್ತಕ. 33 ಆಟಗಳಿವೆ, ಪ್ರತಿಯೊಂದು ಆಟದ ಪ್ರತಿಯೊಂದು ನಡೆಗೂ ಯಾಕೆ ಅಂತ ವಿವರಣೆ ಇದೆ. ಬೇರೆ ಪುಸ್ತಕಗಳು "ಸಹಜವಾಗಿಯೇ ಈ ನಡೆ" ಅಂತ ದಾಟಿಬಿಡುವ ಜಾಗದಲ್ಲೇ ನಮ್ಮಂಥವರು ಸಿಕ್ಕಿಬೀಳುವುದು. ಇವರು ಅಲ್ಲಿ ನಿಂತು ಹೇಳುತ್ತಾರೆ. ವಾರಕ್ಕೊಂದು ಆಟ ಅಂದರೆ ಏಳೆಂಟು ತಿಂಗಳ ಕೆಲಸ. ಅಷ್ಟು ಹೊತ್ತು ತೆಗೆದುಕೊಳ್ಳಲಿ, ಅವಸರ ಬೇಡ.

ನಿಮ್ಜೊವಿಚ್ ಅವರ 1925ರ ‘ಮೈ ಸಿಸ್ಟಮ್’ ಓದು ಅಂತ ತುಂಬ ಜನ ಹೇಳುತ್ತಾರೆ. ದೊಡ್ಡ ಪುಸ್ತಕ, ಅನುಮಾನವೇ ಇಲ್ಲ. ಆದರೆ ಮೊದಲನೆಯದಾಗಿ ಬೇಡ. ನಾನು ಅದರಿಂದಲೇ ಶುರು ಮಾಡಿ ಒಂದು ವರ್ಷ ಹಿಂದೆ ಬಿದ್ದೆ. ಆರಂಭದ ನಡೆಗಳನ್ನೇ ನೂರಾರು ಪುಟ ಹೇಳುವ ಓಪನಿಂಗ್ ಪುಸ್ತಕಗಳೂ ಈಗ ಬೇಡ.

ನಮ್ಮ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲೋ ನಿಮ್ಮ ಕಾಲೇಜಿನ ಲೈಬ್ರರಿಯಲ್ಲೋ ಕ್ರೀಡೆಯ ಕಪಾಟನ್ನು ಒಮ್ಮೆ ನೋಡಿ ಬನ್ನಿ. ಇಲ್ಲದಿದ್ದರೆ ತರಿಸಿಕೊಡಿ ಅಂತ ಬರೆದುಕೊಡಿ. 2024ರ ಡಿಸೆಂಬರ್‌ನಲ್ಲಿ ಗುಕೇಶ್ ಹದಿನೆಂಟು ವಯಸ್ಸಿಗೆ ವಿಶ್ವ ಚಾಂಪಿಯನ್ ಆದ ಮೇಲೆ ನಮ್ಮ ಓಣಿಯ ಮಕ್ಕಳೂ ಬೋರ್ಡು ಹಿಡಿದು ಬರುತ್ತಿದ್ದಾರೆ. ಅವರ ಕೈಗೆ ಸಿಗುವಂತೆ ಒಂದೆರಡು ಪುಸ್ತಕ ಊರಲ್ಲಿ ಇರಬೇಕು.

ಒಂದು ಆಟವನ್ನು ಓದುವುದು ಹೇಗೆ

ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಗಟ್ಟಿ ಕಾಗದ ತೆಗೆದುಕೊಳ್ಳಿ. ಮದುವೆ ಕಾರ್ಡು ಚೆನ್ನಾಗಿರುತ್ತದೆ. ಪುಸ್ತಕದಲ್ಲಿ ಮುಂದಿನ ನಡೆಯ ಮೇಲೆ ಅದನ್ನು ಮುಚ್ಚಿ. ಬೋರ್ಡು ನೋಡಿ, ನೀವಾಗಿದ್ದರೆ ಏನು ಆಡುತ್ತಿದ್ದಿರಿ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾಕೆ ಅಂತ ಒಂದು ಸಾಲು. ಆಮೇಲೆ ಕಾರ್ಡು ಸರಿಸಿ. ನಿಮ್ಮ ನಡೆಯೇ ಬಂದರೆ ಮುಂದೆ ಹೋಗಿ. ಬೇರೆ ಬಂದರೆ ಅಲ್ಲೇ ನಿಲ್ಲಿ. ಎರಡು ನಡೆಗಳ ನಡುವೆ ಇರುವ ವ್ಯತ್ಯಾಸದಲ್ಲೇ ಪಾಠ ಇರುವುದು.

ಒಂದು ಆಟ ಹಿಡಿದು ತೋರಿಸುತ್ತೇನೆ, ಬೋರ್ಡು ಹಾಸಿಕೊಳ್ಳಿ. 1858ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ಅಮೆರಿಕದ ಪಾಲ್ ಮಾರ್ಫಿ ಆಡಿದ್ದು. ಎದುರಿಗೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಒಬ್ಬ ಕೌಂಟ್, ಇಬ್ಬರೂ ಕೂಡಿ ಯೋಚಿಸಿ ಆಡುತ್ತಿದ್ದರು. ಮಾರ್ಫಿ ಬಿಳಿ.

1. ಪ್ಯಾದೆ ಇ4, ಪ್ಯಾದೆ ಇ5. 2. ಕುದುರೆ ಎಫ್3, ಪ್ಯಾದೆ ಡಿ6. 3. ಪ್ಯಾದೆ ಡಿ4, ಒಂಟೆ ಜಿ4. 4. ಡಿ4 ಪ್ಯಾದೆ ಇ5ರಲ್ಲಿ ಹೊಡೆಯಿತು, ಕಪ್ಪು ಒಂಟೆ ಎಫ್3ರ ಕುದುರೆಯನ್ನು ಹೊಡೆಯಿತು. 5. ಮಂತ್ರಿ ಆ ಒಂಟೆಯನ್ನು ಹೊಡೆಯಿತು, ಕಪ್ಪಿನ ಡಿ6 ಪ್ಯಾದೆ ಇ5ರಲ್ಲಿ ಹೊಡೆಯಿತು. 6. ಒಂಟೆ ಸಿ4, ಕುದುರೆ ಎಫ್6. 7. ಮಂತ್ರಿ ಬಿ3, ಮಂತ್ರಿ ಇ7. 8. ಕುದುರೆ ಸಿ3, ಪ್ಯಾದೆ ಸಿ6. 9. ಒಂಟೆ ಜಿ5, ಪ್ಯಾದೆ ಬಿ5.

ಎಂಟನೇ ನಡೆಯಲ್ಲೇ ಒಂದು ಪಾಠ ಇದೆ. ಬಿ7ರ ಪ್ಯಾದೆಯನ್ನು ಮಂತ್ರಿಯಿಂದ ಹೊಡೆಯಬಹುದಿತ್ತು. ಆದರೆ ಕಪ್ಪು ಮಂತ್ರಿ ಬಿ4ಕ್ಕೆ ಬಂದು ಚೆಕ್ ಕೊಟ್ಟರೆ ಮಂತ್ರಿಗೆ ಮಂತ್ರಿ ಹೋಗಿ ಆಟ ನಿಧಾನವಾಗುತ್ತಿತ್ತು. ಮಾರ್ಫಿ ಪ್ಯಾದೆ ಬಿಟ್ಟು ಇನ್ನೊಂದು ಕುದುರೆಯನ್ನು ಹೊರಗೆ ತಂದ.

ಈಗ ಹತ್ತನೇ ನಡೆ. ಕಾರ್ಡು ಮುಚ್ಚಿ. ಬಿ5ರ ಪ್ಯಾದೆ ಸಿ4ರ ಒಂಟೆಯನ್ನು ಹೊಡೆಯಲು ನಿಂತಿದೆ. ನಾನು ಮೊದಲ ಸಲ "ಒಂಟೆ ಹಿಂದಕ್ಕೆ, ಇ2" ಅಂತ ಬರೆದಿದ್ದೆ. ಮಾರ್ಫಿ ಕುದುರೆಯಿಂದ ಬಿ5ರ ಪ್ಯಾದೆಯನ್ನೇ ಹೊಡೆದ. ಸಿ6 ಪ್ಯಾದೆ ಕುದುರೆಯನ್ನು ಹೊಡೆಯಿತು. 11. ಒಂಟೆ ಬಿ5ರಲ್ಲಿ ಹೊಡೆದು ಚೆಕ್. ಕಪ್ಪು ಕುದುರೆ ಬಿ8ರಿಂದ ಡಿ7ಕ್ಕೆ ಬಂದು ಅಡ್ಡ ನಿಂತಿತು.

ಕುದುರೆ ಕೊಟ್ಟು ಎರಡು ಪ್ಯಾದೆ ಪಡೆದದ್ದು ಲೆಕ್ಕದಲ್ಲಿ ನಷ್ಟ ಅಲ್ವಾ? ಈಗ ಕಪ್ಪು ಕಡೆಯನ್ನು ನೋಡಿ. ರಾಜ ಇ8ರಲ್ಲೇ ಇದ್ದಾನೆ. ಎಫ್8ರ ಒಂಟೆಯ ದಾರಿಗೆ ಅವರದೇ ಮಂತ್ರಿ ಅಡ್ಡ. ಒಂಟೆ ಸರಿಯದೆ ಆ ಕಡೆ ಕ್ಯಾಸ್ಲಿಂಗ್ (ರಾಜ ಆನೆಯ ಕಡೆಗೆ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕಕ್ಕೆ ಬಂದು ನಿಲ್ಲುವ ನಡೆ) ಇಲ್ಲ. ಕ್ಯಾಸ್ಲಿಂಗ್ ಇಲ್ಲದೆ ಎಚ್8ರ ಆನೆಗೆ ಕೆಲಸ ಇಲ್ಲ. ಎರಡು ಕಾಯಿ ಇದ್ದೂ ಇಲ್ಲದಂತೆ ಆಗಿವೆ. ಅಲ್ಲಿಗೆ ಲೆಕ್ಕವೇ ಬೇರೆಯಾಯಿತು.

12. ಮತ್ತೆ ಕಾರ್ಡು ಮುಚ್ಚಿ. ಡಿ7ರ ಕುದುರೆ ಕಟ್ಟಿಬಿದ್ದಿದೆ, ಅದರ ಮೇಲೆ ಇನ್ನಷ್ಟು ಒತ್ತಡ ಹಾಕುವುದು ಹೇಗೆ? ಮಾರ್ಫಿ ಮಂತ್ರಿ ಕಡೆಗೆ ಕ್ಯಾಸ್ಲಿಂಗ್ ಮಾಡಿದ. ಒಂದೇ ನಡೆಯಲ್ಲಿ ರಾಜ ಭದ್ರ, ಆನೆ ಡಿ ಸಾಲಿಗೆ. ಕಪ್ಪು ಆನೆ ಡಿ8ಕ್ಕೆ ಬಂದು ಕಾವಲು ನಿಂತಿತು. 13. ಆನೆ ಡಿ7ರ ಕುದುರೆಯನ್ನು ಹೊಡೆಯಿತು, ಕಪ್ಪು ಆನೆ ಅದನ್ನು ಹೊಡೆಯಿತು. 14. ಎಚ್1ರಲ್ಲಿ ಉಳಿದಿದ್ದ ಇನ್ನೊಂದು ಆನೆ ಡಿ1ಕ್ಕೆ. ಈ ನಡೆ ಬಂದಾಗ ನನಗೆ ಕಾಕಾ ನೆನಪಾದರು. ಮಾರ್ಫಿಯ ಕಡೆ ಸುಮ್ಮನೆ ನಿಂತ ಕಾಯಿ ಒಂದೂ ಉಳಿಯಲಿಲ್ಲ. ಕಪ್ಪು ಮಂತ್ರಿ ಇ6ಕ್ಕೆ. 15. ಒಂಟೆ ಡಿ7ರಲ್ಲಿ ಹೊಡೆದು ಚೆಕ್, ಕಪ್ಪು ಕುದುರೆ ಅದನ್ನು ಹೊಡೆಯಿತು. 16. ಮಂತ್ರಿ ಬಿ8ಕ್ಕೆ, ಚೆಕ್! ಮಂತ್ರಿಯನ್ನೇ ಕೊಟ್ಟುಬಿಟ್ಟ. ಕುದುರೆ ಹೊಡೆಯಲೇಬೇಕು, ಹೊಡೆಯಿತು. 17. ಆನೆ ಡಿ8, ಮೇಟ್.

ಕೊನೆಗೆ ಮಾರ್ಫಿಯ ಹತ್ತಿರ ಪ್ಯಾದೆ, ರಾಜ ಬಿಟ್ಟರೆ ಉಳಿದಿದ್ದು ಒಂದು ಆನೆ, ಒಂದು ಒಂಟೆ. ಕಪ್ಪಿನ ಎಫ್8 ಒಂಟೆ, ಎಚ್8 ಆನೆ ಆಟ ಮುಗಿದಾಗಲೂ ಹುಟ್ಟಿದ ಮನೆಯಲ್ಲೇ ಇದ್ದವು. ಈ ಆಟವನ್ನು ನಾನು ಬೋರ್ಡಿನ ಮೇಲೆ ಹತ್ತಾರು ಸಲ ಆಡಿದ್ದೇನೆ. ಪುಸ್ತಕ ನೋಡದೆ 17 ನಡೆಯನ್ನೂ ಕಾರಣದ ಜೊತೆ ಮಗಳಿಗೆ ಹೇಳಿಕೊಡಲು ಬಂದ ದಿನ, ಆ ಅಧ್ಯಾಯ ಮುಗಿಯಿತು ಅಂತ ಟಿಕ್ ಹಾಕಿದೆ. ನೀವೂ ಅದೇ ಗುರುತು ಇಟ್ಟುಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಹೇಳಿಕೊಡಲು ಆಗದಿದ್ದರೆ ಅದಿನ್ನೂ ಬಂದಿಲ್ಲ.

ಈಗ ನಿಮ್ಮ ಆಟ

ವಾರಕ್ಕೆ ಒಂದಾದರೂ ನಿಧಾನದ ಆಟ ಆಡಿ. ಒಬ್ಬೊಬ್ಬರಿಗೆ ಅರ್ಧ ಗಂಟೆಯಾದರೂ ಇರಬೇಕು. ನಡೆಗಳನ್ನು ಬರೆದಿಟ್ಟುಕೊಳ್ಳಿ. ಐದು ನಿಮಿಷದ ಆಟದಲ್ಲಿ ತಂತ್ರ ಯೋಚಿಸಲು ಪುರುಸೊತ್ತೇ ಇರುವುದಿಲ್ಲ. ಸೋತ ಮೇಲೆ ಅದೇ ರಾತ್ರಿ ಬೇಡ, ಮರುದಿನ ಕೂತು ಆಟವನ್ನು ಮತ್ತೆ ಹಾಕಿ. ಕಂಪ್ಯೂಟರ್ ವಿಶ್ಲೇಷಣೆ ತೆರೆಯಬೇಡಿ. ಅದು ಸರಿಯಾದ ನಡೆ ಹೇಳುತ್ತದೆ, ನಿಮಗೆ ಯಾಕೆ ಹೊಳೆಯಲಿಲ್ಲ ಅಂತ ಹೇಳುವುದಿಲ್ಲ. ನಿಮ್ಮ ಮಾತಲ್ಲಿ ಒಂದು ಪ್ರಶ್ನೆ ಬರೆದ ಮೇಲೆ ಬೇಕಾದರೆ ತೆರೆಯಿರಿ.

ಪ್ರಶ್ನೆ ಚಿಕ್ಕದಾಗಿ, ಖಚಿತವಾಗಿ ಇರಲಿ. "ನಾನು ಯಾಕೆ ಸೋತೆ" ಅನ್ನುವುದಕ್ಕೆ ಯಾವ ಪುಸ್ತಕದಲ್ಲೂ ಉತ್ತರ ಇಲ್ಲ. ನನ್ನ ನೋಟ್‌ಬುಕ್ಕಿನ ಒಂದು ಪ್ರಶ್ನೆ ಹೀಗಿದೆ: "ಕಪ್ಪು ಆಡಿದಾಗ ನನ್ನ ಸಿ8 ಒಂಟೆಗೆ ಯಾವಾಗಲೂ ದಾರಿ ಇರುವುದಿಲ್ಲ, ಯಾಕೆ?" ಮೂರು ಆಟದಲ್ಲಿ ಹಾಗೇ ಆಗಿತ್ತು. ನನ್ನ ಪ್ಯಾದೆಗಳು ಇ6 ಮತ್ತು ಡಿ5ರಲ್ಲಿ. ಎರಡೂ ಬಿಳಿ ಮನೆ. ಸಿ8 ಒಂಟೆಯೂ ಬಿಳಿ ಮನೆಗಳಲ್ಲೇ ಓಡಾಡುವುದು. ನನ್ನ ಪ್ಯಾದೆಗಳೇ ನನ್ನ ಒಂಟೆಗೆ ಗೋಡೆ. ಈ ಪ್ರಶ್ನೆ ಹಿಡಿದು ಹುಡುಕಿದಾಗ ಪುಸ್ತಕದಲ್ಲಿ "ಬ್ಯಾಡ್ ಬಿಷಪ್", ಅಂದರೆ ತನ್ನದೇ ಪ್ಯಾದೆಗಳ ಹಿಂದೆ ಸಿಕ್ಕಿಬಿದ್ದ ಒಂಟೆ, ಅನ್ನುವ ಭಾಗ ಸಿಕ್ಕಿತು. ಉತ್ತರಗಳೂ ಸಿಕ್ಕವು. ಇ6 ಆಡುವ ಮೊದಲೇ ಒಂಟೆಯನ್ನು ಹೊರಗೆ ಕಳಿಸು. ಆಗಲಿಲ್ಲವಾ, ಬಿ6 ಆಡಿ ಎ6ಕ್ಕೆ ತಂದು ಎದುರಾಳಿಯ ಒಳ್ಳೆಯ ಒಂಟೆಗೆ ಅದಲು ಬದಲು ಮಾಡು. ಬಿಳಿಯ ಪ್ಯಾದೆ ಇ5ರಲ್ಲಿ ಕೂತಿದ್ದರೆ ಸಿ5, ಎಫ್6 ಆಡಿ ಆ ಗೋಡೆಯನ್ನೇ ಒಡೆ. ಎರಡು ಪುಟ ಓದಿದ್ದು, ಇವತ್ತಿಗೂ ಮರೆತಿಲ್ಲ.

ಹೀಗೇ ಇನ್ನೂ ಕೆಲವು ಪ್ರಶ್ನೆಗಳು ನಿಮಗೂ ಬರುತ್ತವೆ. ಕ್ಯಾಸ್ಲಿಂಗ್ ಆದ ಮೇಲೆ ರಾಜನ ಮುಂದಿನ ಪ್ಯಾದೆಯನ್ನು ಜಿ4ಕ್ಕೆ ತಳ್ಳಿದಿರಿ, ಎದುರಾಳಿಯ ಕುದುರೆ ಎಫ್3ಕ್ಕೆ ಬಂದು ಕೂತಿತು. ಜಿ2ರಲ್ಲಿದ್ದಾಗ ಆ ಪ್ಯಾದೆ ಎಫ್3, ಎಚ್3 ಎರಡನ್ನೂ ಕಾಯುತ್ತಿತ್ತು. ಮುಂದೆ ಹೋದ ಪ್ಯಾದೆ ಹಿಂದಕ್ಕೆ ಬರುವುದಿಲ್ಲ. ಇದರ ಉತ್ತರ "ದುರ್ಬಲ ಮನೆ"ಗಳ ಅಧ್ಯಾಯದಲ್ಲಿದೆ. ಆನೆಗಳು ಆಟ ಮುಗಿಯುವವರೆಗೆ ಮೂಲೆಯಲ್ಲೇ ಇದ್ದವು ಅಂದರೆ "ತೆರೆದ ಫೈಲ್" (ಪ್ಯಾದೆಗಳಿಲ್ಲದ ಉದ್ದ ಸಾಲು) ಭಾಗ ಓದಿ. ಅಕ್ಕಪಕ್ಕ ಜೊತೆಗಾರರಿಲ್ಲದ ಒಂಟಿ ಪ್ಯಾದೆ ಎದುರಾಳಿಗಿದೆ, ಏನು ಮಾಡಬೇಕು ತಿಳಿಯಲಿಲ್ಲ ಅಂದರೆ, ಅದರ ಎದುರಿನ ಮನೆಯಲ್ಲಿ ನಿಮ್ಮ ಕುದುರೆ ಕೂರಿಸುವುದರಿಂದ ಶುರು ಮಾಡಿ. ಬೇರೆ ಪ್ಯಾದೆ ಬಂದು ಅದನ್ನು ಓಡಿಸಲು ಆಗುವುದಿಲ್ಲ.

ಗೆಲ್ಲುವ ಆಟ ಡ್ರಾ ಆದಾಗ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಕೊನೆಯಾಟದ ಅಧ್ಯಾಯ ಹಾರಿಸಿಬಿಡುತ್ತಾರೆ. ಒಂದು ಪ್ಯಾದೆ ಮುಂದಿದ್ದೂ ನಾನು ಡ್ರಾ ಮಾಡಿಕೊಂಡ ಸ್ಥಿತಿ ಇದು. ಬಿಳಿ ರಾಜ ಡಿ3, ಬಿಳಿ ಪ್ಯಾದೆ ಇ2, ಕಪ್ಪು ರಾಜ ಡಿ6. ಬಿಳಿಯ ನಡೆ. ಬೇರೆ ಏನೂ ಇಲ್ಲ.

ನಾನು ಪ್ಯಾದೆಯನ್ನು ಒಂದೇ ಸಲಕ್ಕೆ ಇ4ಕ್ಕೆ ತಳ್ಳಿದೆ. ಕಪ್ಪು ರಾಜ ಇ5ಕ್ಕೆ ಬಂದು ಎದುರು ನಿಂತ. ಅಲ್ಲಿಂದ ಏನು ಮಾಡಿದರೂ ಡ್ರಾ. ನಾನು ಆಡಬೇಕಿದ್ದದ್ದು ರಾಜ ಇ4. ಕಪ್ಪು ರಾಜ ಇ6ಕ್ಕೆ ಬಂದರೆ ಆಗ ಪ್ಯಾದೆ ಇ3, ಒಂದೇ ಮನೆ. ಈಗ ಕಪ್ಪು ರಾಜ ಸರಿಯಲೇಬೇಕು. ಅವನು ಡಿ6ಕ್ಕೆ ಸರಿದರೆ ನನ್ನ ರಾಜ ಎಫ್5ಕ್ಕೆ, ಎಫ್6ಕ್ಕೆ ಸರಿದರೆ ಡಿ5ಕ್ಕೆ. ರಾಜ ಮುಂದೆ ನಡೆದು ದಾರಿ ಬಿಡಿಸುತ್ತಾನೆ, ಪ್ಯಾದೆ ಹಿಂದೆ ಬರುತ್ತದೆ. ಇ3ರ ಆ ಒಂದು ನಡೆ ಕೈಯಲ್ಲಿ ಉಳಿಸಿಕೊಂಡಿದ್ದೇ ಗೆಲುವು.

ಇದನ್ನು ಬೋರ್ಡಿನ ಮೇಲಿಟ್ಟು ಮನೆಯವರ ಜೊತೆ ಎರಡೂ ಕಡೆಯಿಂದ ಹತ್ತು ಸಲ ಆಡಿ. ಇದನ್ನು ಬಲ್ಲವರಿಗೆ ಮಧ್ಯದ ಆಟದಲ್ಲೂ ಒಂದು ಧೈರ್ಯ ಬರುತ್ತದೆ. ಒಂದು ಪ್ಯಾದೆ ಮುಂದಿದ್ದೇನೆ, ದೊಡ್ಡ ಕಾಯಿಗಳನ್ನೆಲ್ಲ ಅದಲು ಬದಲು ಮಾಡಿದರೆ ಗೆಲ್ಲಬಹುದು ಅಂತ ಲೆಕ್ಕ ಹಾಕಲು ಆಗುತ್ತದೆ.

ವಾರದ ಲೆಕ್ಕ

ನಾನು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ತೊಗರಿ ಸುಗ್ಗಿ ಶುರುವಾದರೆ ಮನೆಗೆ ಬರುವುದೇ ರಾತ್ರಿ ಹತ್ತಕ್ಕೆ. ಹಾಗಾಗಿ ದಿನವೂ ಎರಡು ಗಂಟೆ ಓದಿ ಅಂತ ನಿಮಗೆ ಹೇಳಲಾರೆ. ನನ್ನದು ಹೀಗೆ: ದಿನಾ ಬೆಳಿಗ್ಗೆ ಚಹಾದ ಜೊತೆ ಹದಿನೈದು ನಿಮಿಷ ಪಜಲ್. ಮಂಗಳವಾರ ಮತ್ತು ಗುರುವಾರ ರಾತ್ರಿ ನಲವತ್ತು ನಿಮಿಷ ಬೋರ್ಡು, ಪುಸ್ತಕ, ಕಾರ್ಡು. ಶನಿವಾರ ಕಟ್ಟೆಯ ಮೇಲೆ ಒಂದು ನಿಧಾನದ ಆಟ. ಭಾನುವಾರ ಅದನ್ನು ಮತ್ತೆ ಹಾಕಿ ಪ್ರಶ್ನೆ ಬರೆಯುವುದು. ಸುಗ್ಗಿಯಲ್ಲಿ ಪಜಲ್ ಮಾತ್ರ. ಸುಗ್ಗಿ ಮುಗಿದ ಮೇಲೆ ಹೊಸ ಅಧ್ಯಾಯ ಹಿಡಿಯುವುದಿಲ್ಲ, ಹಳೆಯ ಎರಡು ಆಟಗಳನ್ನು ಮತ್ತೆ ಹಾಕಿ ಅಲ್ಲಿಂದ ಮುಂದೆ ಹೋಗುತ್ತೇನೆ.

ಮೂರ್ನಾಲ್ಕು ತಿಂಗಳು ಏನೂ ಬದಲಾದಂತೆ ಅನ್ನಿಸುವುದಿಲ್ಲ. ಆಗ ಗೆಲುವು ಸೋಲು ಎಣಿಸಬೇಡಿ, ನೋಟ್‌ಬುಕ್ ತಿರುವಿ ನೋಡಿ. ನನ್ನ ಮೊದಲ ಪುಟಗಳಲ್ಲಿ "ಆನೆ ಬಿಟ್ಟುಕೊಟ್ಟೆ", "ಮಂತ್ರಿ ಹೋಯಿತು" ಅನ್ನುವುದೇ ತುಂಬಿತ್ತು. ಐದನೇ ತಿಂಗಳಿನ ಪುಟದಲ್ಲಿ "ಡಿ ಸಾಲು ತೆರೆದಾಗ ಯಾವ ಆನೆ ತರಬೇಕಿತ್ತು?" ಅಂತ ಇದೆ. ಸೋಲು ಆಗಲೂ ಇತ್ತು. ಪ್ರಶ್ನೆ ಮಾತ್ರ ಬೇರೆಯಾಗಿತ್ತು.

ಹೋದ ಶನಿವಾರ ಅದೇ ಹುಡುಗನ ಜೊತೆ ಮತ್ತೆ ಆಡಿದೆ. ಅವನೀಗ ಹತ್ತನೇ ಕ್ಲಾಸು. 41 ನಡೆ ಹೋಯಿತು, ಡ್ರಾ ಆಯಿತು. ಹದಿನಾರನೇ ನಡೆಗೆ ನನ್ನ ಎಲ್ಲ ಕಾಯಿಗಳೂ ಹೊರಗಿದ್ದವು. ಕಾಕಾ ನೋಡುತ್ತ ಕೂತಿದ್ದರು, ಏನೂ ಹೇಳಲಿಲ್ಲ. ಆಟ ಮುಗಿದ ಮೇಲೆ ಹುಡುಗ ನನ್ನ ಬೋರ್ಡಿನ ಚೀಲದಲ್ಲಿದ್ದ ನೋಟ್‌ಬುಕ್ ನೋಡಿ, "ಇದು ಏನ್ರೀ ಅಂಕಲ್?" ಅಂತ ಕೇಳಿದ. ತೆಗೆದು ತೋರಿಸಿದೆ. ಈ ಶನಿವಾರ ಬರುವಾಗ ಅವನೂ ಒಂದು ತರುತ್ತಾನಂತೆ. 23ನೇ ನಡೆಯಲ್ಲಿ ನಾನು ಕುದುರೆ ಕೊಟ್ಟು ಅವನ ಒಂಟೆ ತೆಗೆದುಕೊಂಡಿದ್ದು ಸರಿಯಿತ್ತಾ ಅಂತ ಇಬ್ಬರೂ ಕೂತು ನೋಡಬೇಕು.